ಚೆಂಡು ನೋಡುವ ಕೆಲಸ

ಗುರುವನ್ನು ಹುಡುಕಿಕೊಂಡು ಜನ ಎಲ್ಲೆಲ್ಲಿಗೋ ಹೋಗುತ್ತಾರೆ, ಪಾಪ. ಬೆಟ್ಟ ಹತ್ತುತ್ತಾರೆ, ಹೊಳೆ ದಾಟುತ್ತಾರೆ. ಕೋದಂಡಯ್ಯ ಮೇಷ್ಟ್ರಿಗೆ ಆ ಕಷ್ಟ ಇರಲಿಲ್ಲ. ಅವರ ಗುರು ಇಪ್ಪತ್ತೆರಡು ವರ್ಷದಿಂದ ಅವರ ಚೀಲ ಹೊತ್ತುಕೊಂಡು ಹಿಂದೆಯೇ ನಡೆಯುತ್ತಿದ್ದ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಚಿನ್ನದ ಗಣಿ ಮುಚ್ಚಿಹೋದ ಒಂದು ಊರು. ಗಣಿ ಹೋಯಿತು, ದೊರೆಗಳು ಹೋದರು, ಅವರು ಮಾಡಿಟ್ಟ ಗಾಲ್ಫ್ ಮೈದಾನ ಮಾತ್ರ ಉಳಿಯಿತು. ಹುಲ್ಲಿಗೆ ಹಾಕಲು ನೀರಿಲ್ಲದ ಸೀಮೆ. ಬೇರೆ ಕಡೆ ಚೆಂಡು ಬೀಳಿಸುವ ಗುಳಿಯ ಸುತ್ತ ಹಸಿರು ಹಾಸಿದ್ದರೆ ಇಲ್ಲಿ ಎಣ್ಣೆ ಕಲಸಿದ ಮರಳು. ಅದನ್ನು ಇಲ್ಲಿಯವರು ಬ್ರೌನ್ ಎನ್ನುತ್ತಾರೆ. ಗುಮಾಸ್ತ, ಅಂಗಡಿಯವನು, ಮೇಷ್ಟ್ರು, ಯಾರು ಬೇಕಾದರೂ ಇಲ್ಲಿ ಕೋಲು ಬೀಸಬಹುದು.

ಕೋದಂಡಯ್ಯ ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ಅಣ್ಣ ಪಟ್ಟಾಭಿರಾಮಯ್ಯ ಗಣಿಯ ಎಂಜಿನ್ ಮನೆಯಲ್ಲಿದ್ದವರು. ಗಂಟೆಯ ಸದ್ದು ಕೇಳಿಕೊಂಡು, ಕಣ್ಣಿಗೆ ಕಾಣದ ಜನರನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕೆ ಇಳಿಸುವ, ಮತ್ತೆ ಮೇಲೆತ್ತುವ ಕೆಲಸ. ಮೂವತ್ತು ವರ್ಷದಲ್ಲಿ ಅವರ ಕೈಯಿಂದ ಒಬ್ಬರಿಗೂ ಪೆಟ್ಟಾಗಲಿಲ್ಲ.

ಸಂಕ್ರಾಂತಿ ಬಂತೆಂದರೆ ಅಣ್ಣ ತಮ್ಮ ಸೇರಿ ಜೋಡಿ ಆಟ ಆಡುತ್ತಿದ್ದರು. ಜೋಡಿ ಆಟ ಎಂದರೆ ಇಬ್ಬರಿಗೂ ಒಂದೇ ಚೆಂಡು. ಒಂದು ಸಲ ಇವನು ಹೊಡೆಯಬೇಕು, ಅದು ಬಿದ್ದ ಕಡೆಯಿಂದ ಅವನು ಹೊಡೆಯಬೇಕು. ತಮ್ಮ ಜಾಲಿ ಪೊದೆಗೆ ಹೊಡೆದರೆ ಅಣ್ಣ ಪೊದೆಗೆ ಇಳಿಯಬೇಕು.

ತಮ್ಮ ಪೊದೆಗೇ ಹೊಡೆಯುತ್ತಿದ್ದ.

ಹೊಡೆದಾಗಲೆಲ್ಲ ಅಣ್ಣ, ಮಂಡಿನೋವಿಗೆಂದು ಊರಿಕೊಂಡು ಬರುವ ಕಪ್ಪು ಕೊಡೆಯನ್ನು ಎತ್ತಿ ಪೊದೆಯ ಕಡೆ ಚಾಚುತ್ತಿದ್ದ. ಇದು ಆರೇಳು ವರ್ಷದಿಂದ ಶುರುವಾದ ಚಾಳಿ. ಚೀಲ ಹೊರುವ ಕ್ಯಾಡಿ ಪಿಳ್ಳಪ್ಪ ಹೋಗಿ ಚೆಂಡು ಹುಡುಕುತ್ತಿದ್ದ. ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪಾಗಿದ್ದು ಆಯಿತು, ಅದನ್ನು ಕೊಡೆ ಎತ್ತಿ ಊರಿಗೆಲ್ಲ ತೋರಿಸಬೇಕೆ?

ಆ ಕಾರ್ತಿಕದಲ್ಲಿ ಪಟ್ಟಾಭಿಯವರು ಕ್ಲಬ್ಬಿನ ಗುಮಾಸ್ತನ ಹತ್ತಿರ ಸಂಕ್ರಾಂತಿಯ ಪಂದ್ಯಕ್ಕೆ ಇಬ್ಬರ ಹೆಸರು ಬರೆಸಿದರು. ಬರೆಸಿ, ತಮ್ಮನ ಮುಖ ನೋಡದೆ ಹೇಳಿದರು.

"ಈ ವರ್ಷ ಆಡೋಣ. ಮುಂದಿನ ವರ್ಷಕ್ಕೆ ಬೇರೆ ಜೋಡಿ ನೋಡ್ಕೊಳ್ಳಿ, ಮೇಷ್ಟ್ರೇ. ಪೊದೇಲಿ ಬಗ್ಗೋಕೆ ನನ್ನ ಮಂಡಿ ಕೇಳಲ್ಲ."

ಮಂಡಿಯ ಮಾತು ಹಾಗಿರಲಿ. ಬೆನ್ನಿಗೆ ಬಿದ್ದ ತಮ್ಮನನ್ನು "ಕೋದಂಡ" ಎಂದು ಕರೆಯುವುದು ಬಿಟ್ಟು, ಎರಡು ವರ್ಷದಿಂದ ಅಣ್ಣ "ಮೇಷ್ಟ್ರೇ" ಎನ್ನುತ್ತಿದ್ದ. ಅಪ್ಪನ ಕೊನೆಗಾಲದಲ್ಲಿ ಶುರುವಾದದ್ದು. ಭಾನುವಾರದ ಆಟ ನಿಂತಿತ್ತು, ಹಬ್ಬದ ಊಟ ನಿಂತಿತ್ತು. ವರ್ಷಕ್ಕೊಂದು ಬೆಳಗ್ಗೆ ಪಕ್ಕದಲ್ಲಿ ನಡೆಯುವುದು ಮಾತ್ರ ಉಳಿದಿತ್ತು. ಅದೂ ಹೋದರೆ ಇನ್ನು ಅಣ್ಣನ ಮುಖ ಕಾಣುವುದು ಯಾರದಾದರೂ ಸಾವಿನ ಮನೆಯಲ್ಲಿ.

ಬೀಸು ಸರಿಯಾದರೆ ಅಣ್ಣ ಉಳಿಯುತ್ತಾನೆ ಎಂದು ಮೇಷ್ಟ್ರು ಅಂದುಕೊಂಡರು. ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿತ್ತು.

ಊರಲ್ಲಿ ಉಪದೇಶಕ್ಕೆ ಬರವೆ? ಬ್ಯಾಂಕಿನ ಮ್ಯಾನೇಜರು ಮೊಣಕೈ ಒಳಗಿಡಿ ಎಂದರು. ಹಲ್ಲಿನ ಡಾಕ್ಟರು ಸೊಂಟ ಮೊದಲು ತಿರುಗಲಿ ಎಂದರು. ಮರದ ಡಿಪೋ ಸಾಹುಕಾರರು ಸೊಂಟ ತಿರುಗಲೇಬಾರದು ಎಂದರು. ಫೋನಿನ ವಿಡಿಯೋದಲ್ಲಿ ಟೋಪಿ ಹಾಕಿದವನೊಬ್ಬ ಉಸಿರು ಬಿಗಿಹಿಡಿಯಿರಿ ಎಂದ.

ಮೇಷ್ಟ್ರಲ್ಲವೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದುಕೊಂಡರು. ಮೇಲೆ ಲೇಬಲ್ ಅಂಟಿಸಿದರು. ಪ್ರತಿ ಹೊಡೆತಕ್ಕೆ ಮುಂಚೆ ಜೇಬಿನಿಂದ ತೆಗೆದು ಓದಿದರು.

ಓದಿ ಹೊಡೆದರೆ ಚೆಂಡು ಪೊದೆಗೆ ಹೋಯಿತು. ಓದದೆ ಹೊಡೆದರೆ ಪೊದೆಯ ಆಚೆಗೆ ಹೋಯಿತು.

ಒಂದು ಬೆಳಗ್ಗೆ ಮೇಷ್ಟ್ರು ಬೇಸತ್ತು, ಕೋಲನ್ನು ಹೆಗಲ ಮೇಲೆ ಹಾಕಿಕೊಂಡು ಮೂರನೇ ಬ್ರೌನಿನ ಹತ್ತಿರ ಬಂದರು. ಅಲ್ಲಿ ಪಿಳ್ಳಪ್ಪ ಮರಳು ಸಮ ಮಾಡುತ್ತಿದ್ದ. ಎಪ್ಪತ್ತು ದಾಟಿದ ಜೀವ. ಈಗೀಗ ಈ ಅಣ್ಣತಮ್ಮಂದಿರ ಚೀಲ ಬಿಟ್ಟರೆ ಬೇರೆ ಯಾರದ್ದೂ ಹೊರುತ್ತಿರಲಿಲ್ಲ. ಯಾರಿಗೂ ಹೀಗೆ ಹೊಡೆಯಿರಿ, ಹಾಗೆ ಹೊಡೆಯಿರಿ ಎಂದು ಹೇಳಿದವನೂ ಅಲ್ಲ.

"ಯಾರದು?" ಎಂದ. ಹತ್ತಿರ ಬರುವ ತನಕ ಹಾಗೆ ಕೇಳುವುದು ಅವನ ರೂಢಿ.

"ನಾನೇ ಕಣೋ. ಪಿಳ್ಳಪ್ಪಾ, ಇಷ್ಟು ವರ್ಷ ನನ್ನ ಬೀಸು ನೋಡಿದ್ದೀಯ. ತಪ್ಪೆಲ್ಲಿ ಅಂತ ನೀನಾದರೂ ಹೇಳಬಾರದಾ?"

"ನೀವು ಕೇಳಲೇ ಇಲ್ಲವಲ್ಲ ಸ್ವಾಮಿ."

"ಈಗ ಕೇಳ್ತಿದ್ದೀನಿ."

"ಕೈಯಲ್ಲಿ ಅದೇನು ಪುಸ್ತಕ?"

"ಬಲ್ಲವರು ಹೇಳಿದ್ದೆಲ್ಲ ಬರ್ಕೊಂಡಿದ್ದೀನಿ. ಅರವತ್ತಮೂರು ಇವೆ."

"ಓದಿ, ಕೇಳೋಣ."

ಮೇಷ್ಟ್ರು ನಿಂತುಕೊಂಡು, ಪಾಠ ಮಾಡುವ ದನಿಯಲ್ಲಿ ಅಷ್ಟನ್ನೂ ಓದಿದರು. ಪಿಳ್ಳಪ್ಪ ನಡುನಡುವೆ ಬೆರಳು ಮಡಿಸಿದ.

"ತಲೆ ಎತ್ತಬೇಡಿ ಅನ್ನೋದು ಹನ್ನೊಂದು ಸಲ ಬಂತು ಸ್ವಾಮಿ."

"ಬರದೆ ಏನು? ಎಲ್ಲರೂ ಅದನ್ನೇ ಹೇಳ್ತಾರೆ."

"ನೀವೇನು ಮಾಡ್ತೀರಿ?"

"ಎತ್ತುತ್ತೀನಿ."

"ಯಾಕೆ ಎತ್ತುತ್ತೀರಿ?"

ಮೇಷ್ಟ್ರಿಗೆ ರೇಗಿತು. "ಇದೆಂಥ ಪ್ರಶ್ನೆ? ಚೆಂಡು ಎಲ್ಲಿ ಹೋಯ್ತು ಅಂತ ನೋಡಬೇಡವಾ?"

ಪಿಳ್ಳಪ್ಪ ಕೈಯಲ್ಲಿದ್ದ, ಮರಳು ಸಮ ಮಾಡುವ ಹಗ್ಗ ಕೆಳಗಿಟ್ಟ.

"ಚೆಂಡು ಎಲ್ಲಿ ಹೋಯ್ತು ಅಂತ ನೋಡೋದು ಕ್ಯಾಡಿ ಕೆಲಸ. ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ನೀವು ಮಾಡ್ಕೊಂಡು ಬಂದಿದ್ದೀರಿ. ನಿಮ್ಮ ಕೆಲಸ ಯಾರು ಮಾಡಬೇಕು ಸ್ವಾಮಿ?"

ಮೇಷ್ಟ್ರು ಪೆನ್ನು ತೆಗೆದು, ಅರವತ್ತನಾಲ್ಕು ಎಂದು ನಂಬರು ಹಾಕಿ, ಅದನ್ನೂ ಬರೆದುಕೊಂಡರು.

"ಅಯ್ಯೋ ನನ್ನ ಕರ್ಮವೇ!" ಎಂದು ಪಿಳ್ಳಪ್ಪ ಹಣೆ ಚಚ್ಚಿಕೊಂಡ. ನೋಟ್‌ಬುಕ್ಕಿಗೆ ಕೈ ಚಾಚಿದ. ಮೇಷ್ಟ್ರು ಕೊಟ್ಟರು. ಬೇವಿನ ಮರದ ಕೆಳಗೆ ಅವನು ಟೀ ಕುಡಿಯುವ ಬೆಂಚಿತ್ತು, ಅದರ ಒಂದು ಕಾಲು ಮೋಟು. ಪಿಳ್ಳಪ್ಪ ಬಗ್ಗಿ, ನೋಟ್‌ಬುಕ್ಕನ್ನು ಎರಡು ಮಡಿಕೆ ಮಾಡಿ ಆ ಕಾಲಿನ ಕೆಳಗೆ ತುರುಕಿದ. ಕೂತು ಅಲ್ಲಾಡಿಸಿ ನೋಡಿದ. ಬೆಂಚು ಅಲುಗಲಿಲ್ಲ.

"ಒಳ್ಳೆ ಪುಸ್ತಕ," ಎಂದ. "ನಾಳೆಯಿಂದ ಕೋಲು ತರಬೇಡಿ. ಬರಿಗೈಲಿ ಬನ್ನಿ."

ಬರಿಗೈಲಿ ಬಂದ ಮೇಷ್ಟ್ರ ಕೈಗೆ ಪಿಳ್ಳಪ್ಪ ಹಗ್ಗ ಕೊಟ್ಟ. ಹಗ್ಗದ ತುದಿಗೆ ಒಂದು ಹಲಗೆ, ಹಲಗೆಗೆ ಹೊಲಿದ ತೆಂಗಿನ ನಾರಿನ ಚಾಪೆ. ಆಡಿ ಹೋದವರ ಹೆಜ್ಜೆ ಬ್ರೌನಿನ ಮರಳಲ್ಲಿ ಮೂಡಿರುತ್ತದೆ. ಹಿಂದಿನಿಂದ ಬರುವವರಿಗೆ ಅದನ್ನು ಅಳಿಸಿ, ಚಾಪೆ ಎಳೆದು, ನುಣ್ಣಗೆ ಮಾಡಿಡಬೇಕು.

"ದೋಸೆ ಹುಯ್ಯೋದು ನೋಡಿದ್ದೀರಲ್ಲ, ಹಾಗೆ. ಗುಳಿ ಹತ್ತಿರ ಶುರು ಮಾಡಿ, ಸುತ್ತಿಕೊಂಡು ಸುತ್ತಿಕೊಂಡು ಹೊರಗೆ ಬನ್ನಿ. ಹಿಂದೆ ಮಾತ್ರ ತಿರುಗಬೇಡಿ."

"ಅಷ್ಟೇನಾ?"

"ಅಷ್ಟೇ."

ಮೇಷ್ಟ್ರು ಎಳೆದರು. ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಗೆರೆ ಸರಿಯಾಗಿ ಬಂತೋ ಇಲ್ಲವೋ ಎಂದು ತಿರುಗಿದರು. ಹಗ್ಗ ವಾಲಿತು, ಹಲಗೆ ವಾಲಿತು, ಗೆರೆ ಸೊಟ್ಟಗಾಯಿತು.

ಮುಗಿದ ಮೇಲೆ ಪಿಳ್ಳಪ್ಪ ಬಗ್ಗಿಕೊಂಡು ಮರಳಿನ ಸುತ್ತ ಬಂದ. ಕಾಲಿನ ಹೆಬ್ಬೆರಳಲ್ಲಿ ತೋರಿಸಿದ.

"ಇಲ್ಲಿ ತಿರುಗಿದ್ರಿ. ಇಲ್ಲಿ. ಇಲ್ಲಿ ಎರಡು ಸಲ."

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಮನೆಯಲ್ಲಿ ಮೇಷ್ಟ್ರ ಹೆಂಡತಿ ಸೀತಾಲಕ್ಷ್ಮಮ್ಮ ಕಾಫಿ ಲೋಟ ಕುಕ್ಕಿ ಇಟ್ಟರು.

"ಮೂವತ್ತೈದು ವರ್ಷದಲ್ಲಿ ಒಂದಿನ ನಮ್ಮ ಅಂಗಳ ಗುಡಿಸಲಿಲ್ಲ. ಈಗ ಊರ ಮರಳು ಗುಡಿಸ್ತಾರಂತೆ. ಚೆನ್ನಾಗಿದೆ!"

ಒಂಬತ್ತನೆಯ ದಿನ ಮೇಷ್ಟ್ರು ಹಗ್ಗ ಬಿಸಾಡಿದರು.

"ನಾನು ಬೀಸು ಕಲಿಯೋಕೆ ಬಂದೋನು! ಇಲ್ಲಿ ಕಸ ಗುಡಿಸೋಕೆ ಬಂದಿಲ್ಲ! ಸಂಕ್ರಾಂತಿ ಹತ್ತಿರ ಬಂತು, ಗೊತ್ತಾ ನಿನಗೆ?"

"ಗೊತ್ತು ಸ್ವಾಮಿ."

"ಮತ್ತೆ?"

"ಮತ್ತೇನು? ಹಗ್ಗ ಹಿಡ್ಕೊಳ್ಳಿ."

ಬೈಯಬೇಕೆಂದು ಬಾಯಿ ತೆರೆದರು. ಪಿಳ್ಳಪ್ಪ ಆಗಲೇ ಬೆಂಚಿನ ಮೇಲೆ ಕೂತು ಟೀ ಊದುತ್ತಿದ್ದ. ಹಗ್ಗ ಹಿಡಿದುಕೊಂಡರು.

ಎಳೆಯುತ್ತಾ ಯೋಚಿಸಿದರು. ನಾನೇಕೆ ಹೀಗೆ ತಿರುಗುತ್ತೇನೆ? ಸ್ಕೂಲಿನಲ್ಲೂ ಇದೇ ಬುದ್ಧಿ. ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಎರಡು ಸಲ ಹಿಂದೆ ತಿರುಗುತ್ತಿದ್ದೆ. ಬರವಣಿಗೆ ಸೊಟ್ಟ, ಮಕ್ಕಳೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಜವಾನ ಬಾಗಿಲು ಹಾಕಿ ಹೋದ ಮೇಲೆ ಮತ್ತೆ ಹೋಗಿ ಬೀಗ ಜಗ್ಗುತ್ತಿದ್ದೆ. ಆಮೇಲೆ, ಅಪ್ಪ ಮಲಗಿದ್ದಾಗ...

ಮೇಷ್ಟ್ರ ಕಾಲು ನಿಂತಿತು.

"ಯಾಕೆ ನಿಂತ್ರಿ?" ಪಿಳ್ಳಪ್ಪ ಬೆಂಚಿನಿಂದಲೇ ಕೇಳಿದ.

ಮೇಷ್ಟ್ರು ತಿರುಗಲಿಲ್ಲ. ನಿಂತಲ್ಲಿಂದಲೇ ಹೇಳಿದರು.

"ಅಪ್ಪ ಕೊನೆಗಾಲದಲ್ಲಿ ನಾಲ್ಕು ತಿಂಗಳು ಅಣ್ಣನ ಮನೇಲಿದ್ದರು. ನಾನು ದಿನಕ್ಕೆ ಮೂರು ಸಲ ಫೋನ್ ಮಾಡೋನು. ಮಾತ್ರೆ ಕೊಟ್ಟೆಯಾ? ಬಿಳೀದು ಕೊಟ್ಟೆಯಾ, ಕೆಂಪುದು ಕೊಟ್ಟೆಯಾ? ಊಟಕ್ಕೆ ಮುಂಚೇನಾ, ಆಮೇಲಾ? ಅಣ್ಣ ಪಾಪ ಹೇಳೋನು. ಒಂದಿನ ನೋಡಿಕೊಂಡು ಬರೋಕೆ ಹೋದೆ. ಅಣ್ಣ ಹಿತ್ತಲಲ್ಲಿ ಅಪ್ಪನ ಬಟ್ಟೆ ಒಗೀತಿದ್ದ. ಗೂಡಿನಲ್ಲಿ ಮಾತ್ರೆ ಇತ್ತು. ನಾನು..."

"ಹೇಳಿ."

"ನಾನು ಪಟ್ಟಿ ತೆಗೆದು ಮಾತ್ರೆ ಎಣಿಸಿದೆ. ದಿನದ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗಿದೆಯಾ ಅಂತ."

"ಆಗಿತ್ತಾ?"

"ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಎಣಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಅಣ್ಣ. ಒದ್ದೆ ಕೈ. ನೋಡ್ತಾ ನಿಂತಿದ್ದ."

"ಏನಂದರು?"

"ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನನ್ನ ಮೇಷ್ಟ್ರೇ ಅಂತಾನೆ."

ಪಿಳ್ಳಪ್ಪ ಟೀ ಮುಗಿಸಿ ಲೋಟ ಕವುಚಿ ಇಟ್ಟ.

"ಇನ್ನೂ ಅರ್ಧ ಬ್ರೌನ್ ಉಳಿದಿದೆ ಸ್ವಾಮಿ," ಎಂದ.

ಮೇಷ್ಟ್ರು ಎಳೆದರು. ಕಣ್ಣು ಮಂಜಾಗಿತ್ತು, ತಿರುಗಿ ನೋಡಿದರೂ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ತಿರುಗಲಿಲ್ಲ. ಸುತ್ತು ಸುತ್ತಾಗಿ ಹೊರಗೆ ಬಂದರು. ಅಂಚಿಗೆ ಬಂದು, ಹಗ್ಗ ಬಿಟ್ಟು, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ನೋಡಿದರು.

ಅವರು ಅಳುತ್ತಾ ಎಳೆದ ಅರ್ಧದಲ್ಲಿ ಒಂದು ಗೆರೆಯೂ ಸೊಟ್ಟ ಇರಲಿಲ್ಲ.

ಪಿಳ್ಳಪ್ಪ ಬಗ್ಗಿ ಅದರ ಸುತ್ತ ಬಂದ. ಹೆಬ್ಬೆರಳಲ್ಲಿ ಎಲ್ಲೂ ತೋರಿಸಲಿಲ್ಲ.

"ನಾಳೆ ಕೋಲು ತನ್ನಿ. ಚೆಂಡು ಬೇಡ."

ಚೆಂಡಿಲ್ಲದೆ ಬೀಸುವುದು ಯಾರಿಗೆ ಬರುವುದಿಲ್ಲ? ಮೇಷ್ಟ್ರು ಬೀಸಿದರೆ ಒಣ ಹುಲ್ಲಿನ ಹೂವು ಟಪ್ಪೆಂದು ಹಾರುತ್ತಿತ್ತು. ಮೈಯೆಲ್ಲ ಹಗುರ. ತಲೆ ಇದ್ದಲ್ಲೇ ಇರುತ್ತಿತ್ತು. ಹದಿನೈದು ದಿನ ಹುಲ್ಲಿನ ಹೂವೇ ಆಯಿತು. ಆಮೇಲೆ ಒಂದು ಬೆಳಗ್ಗೆ ಪಿಳ್ಳಪ್ಪ ಹೂವಿನ ಜಾಗದಲ್ಲಿ ಚೆಂಡು ಇಟ್ಟ. ಮೇಷ್ಟ್ರ ಕುತ್ತಿಗೆ ಬಿಗಿಯಿತು. ಬೀಸಿದರು. ತಲೆ ಎದ್ದಿತು. ಚೆಂಡು ಎದುರಿನ ಕಲ್ಲಿಗೆ ಬಡಿದು ಎಲ್ಲೋ ಹೋಯಿತು.

"ಹಾಳಾದ್ದು!" ಎಂದರು ಮೇಷ್ಟ್ರು. "ನೋಡಬೇಡ ಅಂತ ಮನಸ್ಸಿಗೆ ಹೇಳಿದರೂ ಕೇಳಲ್ಲ ಕಣೋ."

"ಬೇಡ ಅಂದ್ರೆ ಯಾವ ಮನಸ್ಸು ಕೇಳುತ್ತೆ? ಅದಕ್ಕೆ ಬೇರೆ ಕೆಲಸ ಕೊಡಿ."

"ಏನು ಕೊಡಲಿ?"

"ಚೆಂಡು ಹೋದ ಮೇಲೆ ಅದಿದ್ದ ಜಾಗದಲ್ಲಿ ಏನು ಉಳಿದಿರುತ್ತೆ? ಅದನ್ನ ನೋಡಿ ನನಗೆ ಹೇಳಿ. ಚೆಂಡಿನ ಸಮಾಚಾರ ನನಗೆ ಬಿಡಿ."

ಮೇಷ್ಟ್ರು ಮತ್ತೆ ಬೀಸಿದರು.

"ಏನಿತ್ತು?"

"ಗೊತ್ತಾಗಲಿಲ್ಲ."

ಇನ್ನೊಂದು.

"ಏನಿತ್ತು?"

"ಮಣ್ಣು."

"ಮಣ್ಣು ಎಲ್ಲಾ ಕಡೆ ಇರುತ್ತೆ. ಏನಿತ್ತು?"

ಹೀಗೇ ಇಪ್ಪತ್ತು, ಮೂವತ್ತು. ಒಂದು ಸಲ ಮೇಷ್ಟ್ರು ಬೀಸಿ, ಬೀಸಿದಲ್ಲೇ ಬಗ್ಗಿ ನಿಂತರು.

"ಕೆಂಪು ಕಲ್ಲು. ಕಡಲೆಕಾಳಿನಷ್ಟು. ಪಕ್ಕದಲ್ಲಿ ಒಂದು ಇರುವೆ, ಬಾಯಲ್ಲಿ ಏನೋ ಹಿಡ್ಕೊಂಡು ಹೋಗ್ತಿದೆ."

"ಶಭಾಷ್!" ಎಂದ ಪಿಳ್ಳಪ್ಪ.

"ಚೆಂಡು ಹೇಗೆ ಹೋಯ್ತು, ಪಿಳ್ಳಪ್ಪನವರೇ?"

ಏಕವಚನ ಬಿಟ್ಟುಹೋದದ್ದು ಮೇಷ್ಟ್ರಿಗೆ ತಿಳಿಯಲೇ ಇಲ್ಲ. ಪಿಳ್ಳಪ್ಪ ಮೈದಾನದ ಕಡೆ ಮುಖ ಮಾಡಿ ಗಂಭೀರವಾಗಿ ತಲೆಯಾಡಿಸಿದ.

"ಭೇಷಾಗಿ ಹೋಯ್ತು. ಇನ್ನು ಒಂಬತ್ತು ಹೊಡೀರಿ, ಆಮೇಲೆ ಹೋಗಿ ಆರಿಸಿಕೊಂಡು ಬನ್ನಿ."

"ನೋಡೋದು ನಿಮ್ಮ ಕೆಲಸ ಅಂದ್ರಲ್ಲ!"

"ನೋಡೋದು ನನ್ನದು. ಆರಿಸೋದೂ ನಂದೇ ಅಂದೆನಾ?"

ಮೇಷ್ಟ್ರು ಗೊಣಗಿಕೊಂಡು ಹೋದರು. ಹತ್ತೂ ಚೆಂಡು ರಾಗಿ ಒಕ್ಕುವ ಒಂದು ಕಣದಷ್ಟು ಜಾಗದಲ್ಲಿ ಬಿದ್ದಿದ್ದವು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಮುಟ್ಟಿ ನೋಡಿ, ಒಬ್ಬರೇ ನಕ್ಕರು.

ಸಂಕ್ರಾಂತಿ ಬಂತು. ಹದಿನಾಲ್ಕು ಜೋಡಿ, ಒಂಬತ್ತು ಗುಳಿ. ಪಟ್ಟಾಭಿಯವರು ಕೊಡೆ ಊರಿಕೊಂಡು ಬಂದರು. ಪಿಳ್ಳಪ್ಪ ಇಬ್ಬರ ಚೀಲವನ್ನೂ ಹೆಗಲಿಗೇರಿಸಿದ.

"ನಡೀರಿ ಮೇಷ್ಟ್ರೇ," ಎಂದರು ಅಣ್ಣ.

ಆ ಒಂದು ಮಾತಿಗೆ ಮೇಷ್ಟ್ರ ಎರಡು ತಿಂಗಳ ಅಭ್ಯಾಸ ನೀರಲ್ಲಿ ಹೋಮವಾಯಿತು. ಮೊದಲ ಹೊಡೆತ ಅವರದು. ಈಗ ತಪ್ಪಿದರೆ ಅಣ್ಣ ಹೋದ ಎಂದುಕೊಂಡೇ ಬೀಸಿದರು. ತಲೆ ಎದ್ದಿತು. ಚೆಂಡು ನೆಟ್ಟಗೆ ಜಾಲಿ ಪೊದೆಗೆ.

ಅಣ್ಣನ ಕೊಡೆ ಎದ್ದು ಪೊದೆಯ ಕಡೆ ಚಾಚಿತು. ಪಿಳ್ಳಪ್ಪ ಆ ಕಡೆ ನಡೆದ. ಅಣ್ಣ ಮಂಡಿ ಹಿಡಿದುಕೊಂಡು ಪೊದೆಗೆ ಇಳಿದರು.

ಯಾವಾಗಲೂ ಆಗುತ್ತಿದ್ದುದು ಏನೆಂದರೆ, ಅಣ್ಣ ಹೊಡೆಯುವಾಗ ತಮ್ಮನೂ ಪೊದೆಗೆ ಇಳಿಯುತ್ತಿದ್ದ. "ಎಡಕ್ಕೆ, ಎಡಕ್ಕೆ. ಆ ಕೋಲು ಬೇಡ. ನಿಧಾನ, ಕಲ್ಲಿದೆ ನೋಡ್ಕೋ," ಎನ್ನುತ್ತಲೇ ಇರುತ್ತಿದ್ದ. ಮೇಷ್ಟ್ರ ಕಾಲು ಅಭ್ಯಾಸಬಲದಿಂದ ಎರಡು ಹೆಜ್ಜೆ ಇಟ್ಟೇಬಿಟ್ಟಿತು. ಅಲ್ಲಿ ಅವರಿಗೆ ಮರಳಿನ ಮೇಲಿನ ಸೊಟ್ಟ ಗೆರೆ ನೆನಪಾಯಿತು.

ನಿಂತರು. ಪೊದೆಗೆ ಬೆನ್ನು ಮಾಡಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

ಒಳಗಿನಿಂದ ಅಣ್ಣನ ದನಿ ಬಂತು. "ಯಾಕೆ, ನೋಡಲ್ವಾ?"

"ಹೊಡೀತಿರೋನು ನೀನಲ್ಲವಾ ಅಣ್ಣ. ನಾನ್ಯಾಕೆ ನೋಡಲಿ?"

ಪೊದೆಯಲ್ಲಿ ಟಕ್ ಎಂದು ಕೋಲು ತಗುಲಿದ ಸದ್ದು. ಚೆಂಡು ಮುಳ್ಳಿನಿಂದ ಹೊರಗೆ ಬಂದು ಬಯಲಿಗೆ ಬಿತ್ತು.

ಎರಡನೇ ಗುಳಿಯಲ್ಲೂ ಮೇಷ್ಟ್ರು ಬೆನ್ನು ಮಾಡಿ ಕೂತರು. ಮೂರನೆಯದರಲ್ಲೂ ಕೂತರು. ನಾಲ್ಕನೆಯದರಲ್ಲಿ ಅವರ ಸ್ವಂತ ಬೀಸು ಸ್ವಲ್ಪ ಹದಕ್ಕೆ ಬಂತು. ಐದನೆಯದಕ್ಕೆ ಏರುದಾರಿ. ಇಬ್ಬರೂ ಏದುಸಿರು ಬಿಡುತ್ತಾ ಪಕ್ಕದಲ್ಲಿ ನಡೆದರು. ಪಿಳ್ಳಪ್ಪ ಹಿಂದೆ ಉಳಿದಿದ್ದ.

"ಅಣ್ಣ."

"ಹೂಂ."

"ಅವತ್ತು ಮಾತ್ರೆ ಎಣಿಸಿದೆನಲ್ಲ."

ಪಟ್ಟಾಭಿಯವರ ಕೊಡೆ ನೆಲಕ್ಕೆ ಊರಿದ್ದು ಊರಿದ ಹಾಗೇ ನಿಂತಿತು.

"ನೀನು ಕೊಟ್ಟಿರ್ತೀಯ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಎಣಿಸಿದೆ. ಹೆದರಿಕೆ ಕಣೋ ಅಣ್ಣ. ಅಪ್ಪ ಹೋಗಿಬಿಡ್ತಾರೆ ಅಂತ ಹೆದರಿಕೆ. ಏನಾದರೂ ಎಣಿಸ್ತಾ ಇದ್ದರೆ ಉಳೀತಾರೇನೋ ಅನ್ನಿಸ್ತಿತ್ತು. ನಿನಗೆ ಎಷ್ಟು ನೋವಾಗಿರುತ್ತೆ ಅಂತ ನಾನು ಯೋಚನೆ ಮಾಡಲಿಲ್ಲ. ತಪ್ಪಾಯ್ತು."

ಪಟ್ಟಾಭಿಯವರು ಎದುರಿನ ಗಣಿ ದಿಬ್ಬ ನೋಡುತ್ತಾ ನಿಂತರು. ಷರಟಿನ ಜೇಬಿಗೆ ಕೈ ಹಾಕಿ ಒಂದು ಕಾಗದದ ಪೊಟ್ಟಣ ತೆಗೆದರು. ಬಿಚ್ಚಿ, ತಮ್ಮನ ಅಂಗೈ ಎಳೆದುಕೊಂಡು, ಅದರಲ್ಲಿ ಒಂದು ಹಿಡಿ ಎಳ್ಳುಬೆಲ್ಲ ಸುರಿದರು.

ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ಊರಿಗೆ ಊರೇ ಹೇಳುವ ದಿನ. ಅಣ್ಣ ಅದನ್ನೂ ಹೇಳಲಿಲ್ಲ. ತಮ್ಮ ಕೊಬ್ಬರಿ ಅಗಿಯುತ್ತಾ, ಮೂಗು ಸೊರಸೊರ ಎನ್ನಿಸುತ್ತಾ ಏರು ಹತ್ತಿದ.

ಒಂಬತ್ತನೇ ಗುಳಿಗೆ ಮೊದಲ ಹೊಡೆತ ಮೇಷ್ಟ್ರದು. ನಡುವೆ ಒಂದು ಒಣ ಹಳ್ಳ, ಹಳ್ಳದ ತುಂಬ ಜಾಲಿ. ಇಪ್ಪತ್ತೆರಡು ವರ್ಷದಲ್ಲಿ ಅವರ ಚೆಂಡು ಆ ಹಳ್ಳ ದಾಟಿದ್ದೇ ಇಲ್ಲ. ಆಡಿ ಮುಗಿಸಿದ ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು ಎಲ್ಲ ನಿಂತು ನೋಡುತ್ತಿದ್ದರು.

"ಮೊಣಕೈ ಮೇಷ್ಟ್ರೇ, ಮೊಣಕೈ!"

"ಸೊಂಟ, ಸೊಂಟ!"

ಮೇಷ್ಟ್ರು ಪಿಳ್ಳಪ್ಪನ ಕಡೆ ನೋಡಿದರು.

"ಅಲ್ಲಿ ಏನಿದೆ ಅಂತ ಹೇಳಿ ಸ್ವಾಮಿ, ಸಾಕು," ಎಂದ ಪಿಳ್ಳಪ್ಪ.

ಮೇಷ್ಟ್ರು ಬೀಸಿದರು. ಕೈಗೆ ಚೆಂಡು ತಗುಲಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಕೋಲು ಸುತ್ತಿಕೊಂಡು ಹೆಗಲ ಮೇಲೆ ಬಂತು. ತಲೆ ಕೆಳಗೇ ಇತ್ತು. ಚೆಂಡು ಇದ್ದ ಜಾಗದಲ್ಲಿ ಕೆಂಪು ಮಣ್ಣು, ಮಣ್ಣಿನ ಮೇಲೆ ಬೆಳ್ಳಗೆ ಏನೋ ಒಂದು ಚುಕ್ಕೆ. ಬಗ್ಗಿ ನೋಡಿದರು. ಅವರದೇ ಅಂಗೈಯಿಂದ ಉದುರಿದ ಒಂದು ಎಳ್ಳು.

"ಎಳ್ಳು," ಎಂದರು ಮೇಷ್ಟ್ರು. "ಒಂದೇ ಒಂದು ಎಳ್ಳು."

ಹಾಗೆಯೇ ನಿಂತಿದ್ದರು. ಯಾರೋ ಚಪ್ಪಾಳೆ ಹೊಡೆದರು. ಮುಂದಿನ ಹೊಡೆತಕ್ಕೆ ಹೊರಟ ಅಣ್ಣ ಆಗಲೇ ಹಳ್ಳದ ಆಚೆ ದಡ ಹತ್ತಿಯಾಗಿತ್ತು. ಅಲ್ಲಿಂದ ಕೂಗಿದರು.

"ಬಾರೋ ಕೋದಂಡ! ನೆಲ ನೋಡ್ಕೊಂಡು ಎಷ್ಟು ಹೊತ್ತು ನಿಲ್ತೀಯ!"

ಹದಿನಾಲ್ಕು ಜೋಡಿಯಲ್ಲಿ ಅವರು ಒಂಬತ್ತನೆಯವರಾದರು. ಹೋದ ವರ್ಷ ಹದಿನಾಲ್ಕನೆಯವರು. ಪಟ್ಟಾಭಿಯವರು ನೇರ ಗುಮಾಸ್ತನ ಮೇಜಿಗೆ ಹೋಗಿ ಕೊಡೆಯಿಂದ ನೆಲ ಕುಟ್ಟಿದರು.

"ಮುಂದಿನ ಸಂಕ್ರಾಂತಿಗೆ ಇವತ್ತೇ ಬರ್ಕೋಪ್ಪ. ಪಟ್ಟಾಭಿ, ಕೋದಂಡ."

"ಇನ್ನೂ ಒಂದು ವರ್ಷ ಇದೆಯಲ್ಲ ಸಾರ್!"

"ಇರಲಿ, ಬರ್ಕೋ. ಆಮೇಲೆ ಕೋದಂಡ, ಮಧ್ಯಾಹ್ನ ಊಟಕ್ಕೆ ಬಂದುಬಿಡು, ಸೀತೂನೂ ಕರ್ಕೊಂಡು. ನಿಮ್ಮತ್ತಿಗೆ ಪೊಂಗಲ್ ಮಾಡಿದ್ದಾಳೆ."

ಇಷ್ಟು ಹೇಳಿ ಪಟ್ಟಾಭಿಯವರು ಕೊಡೆ ಊರಿಕೊಂಡು ಗೇಟಿನ ಕಡೆ ನಡೆದರು.

ಮೇಷ್ಟ್ರು ಬೇವಿನ ಮರದ ಕೆಳಗೆ ಬಂದರು. ಬೆಂಚು ಅಲುಗದೆ ನಿಂತಿತ್ತು. ಪಿಳ್ಳಪ್ಪನ ಪಕ್ಕದಲ್ಲಿ ಕೂತು, ಉಳಿದ ಎಳ್ಳುಬೆಲ್ಲವನ್ನು ಅವನ ಅಂಗೈಗೆ ಹಾಕಿ ನಮಸ್ಕಾರ ಮಾಡಿದರು. ಮಗುವಿನ ಹಾಗೆ ಅವರಿಗೆ ತಡೆಯಲಾಗಲಿಲ್ಲ.

"ಪಿಳ್ಳಪ್ಪನವರೇ, ಆ ಕೊನೇ ಚೆಂಡು ಹೇಗೆ ಹೋಯ್ತು ಹೇಳಿ. ಎಷ್ಟು ಎತ್ತರ ಹೋಯ್ತು? ಹಳ್ಳ ದಾಟಿ ಎಲ್ಲಿ ಬಿತ್ತು? ಜನ್ಮದಲ್ಲಿ ಒಂದು ಹೊಡೆದೆ, ಅದನ್ನೇ ನೋಡಲಿಲ್ಲ. ನೀವು ನೋಡಿದ್ದು ಹೇಳಿ."

"ನನಗೇನು ಗೊತ್ತು ಸ್ವಾಮಿ?"

"ಅಂದ್ರೆ?"

"ಹತ್ತು ಮಾರು ಆಚೆ ನನಗೆ ಕಾಣೋದು ನಿಂತು ಏಳು ವರ್ಷ ಆಯ್ತು. ಎಲ್ಲಾ ಹಾಲು ಹಾಲು."

ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. "ಮತ್ತೆ ಚೆಂಡು ನೋಡೋದು ನನ್ನ ಕೆಲಸ ಅಂದ್ರಿ!"

"ಅಂದೆ. ಅಂದಿದ್ದಕ್ಕೆ ತಾನೆ ನೀವು ನೋಡೋದು ಬಿಟ್ಟಿದ್ದು?"

"ಅಲ್ಲ, ಏಳು ವರ್ಷದಿಂದ ನಾನು ಹೊಡೆದ ಅಷ್ಟೂ ಚೆಂಡು... ಅಷ್ಟೂ ಪೊದೆ... ಒಂದೂ ಬಿಡದ ಹಾಗೆ ಹುಡುಕಿ ಕೊಟ್ರಲ್ಲ! ಹೇಗೆ ಹುಡುಕಿದ್ರಿ?"

ಪಿಳ್ಳಪ್ಪ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ. ಗೇಟಿನ ಕಡೆಯಿಂದ ನೆಲಕ್ಕೆ ಕೊಡೆ ಊರುವ ಸದ್ದು ಇನ್ನೂ ಕೇಳುತ್ತಿತ್ತು. ಗದ್ದ ಎತ್ತಿ ಆ ಸದ್ದಿನ ಕಡೆ ತೋರಿಸಿದ.

"ಆ ಕೊಡೆ ಚಾಚಿದ ಕಡೆ ಹೋಗ್ತಿದ್ದೆ ಸ್ವಾಮಿ. ನಿಮ್ಮ ಹತ್ತಿರ ಮಾತು ಬಿಟ್ಟಿದ್ದಾಗಲೂ ಅವರು ನಿಮ್ಮ ಚೆಂಡಿನ ಮೇಲಿಂದ ಕಣ್ಣು ತೆಗೆದಿದ್ದಿಲ್ಲ."